ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಚಕ್ರ: ಹೊಸೂರು–ಕೃಷ್ಣಗಿರಿ ರಸ್ತೆ ಕಲಿಸಿದ ಸೂತ್ರಗಳು

ಭಾನುವಾರ ಬೆಳಗಿನ ಆರು ಗಂಟೆಗೆ ಅತ್ತಿಬೆಲೆ ಗಡಿಯ ಈಚೆ, ಹೊಸೂರಿನ ಹೆದ್ದಾರಿ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಬೆಂಗಳೂರಿನಿಂದ ಹೊರಟ ಹಳೆಯ ಕಾರುಗಳು ಒಂದೊಂದಾಗಿ ಶೂಳಗಿರಿ, ಕೃಷ್ಣಗಿರಿ ಕಡೆಗೆ ಹೋಗುತ್ತವೆ. ಮಾರುತಿ ಎಸ್ಟೀಮ್, ಹಳೇ ಹೋಂಡಾ ಸಿಟಿ ವಿಟೆಕ್, ಫಿಯಟ್ ಪಾಲಿಯೊ 1.6, ಫೋರ್ಡ್ ಐಕಾನ್. ಅದೃಷ್ಟವಿದ್ದ ದಿನ ಒಂದು ಸ್ಯಾನ್ ಸ್ಟಾರ್ಮ್ ಕೂಡ ಕಾಣಿಸೀತು. ಎರಡೇ ಸೀಟು, ಫೈಬರ್ ಮೈ, ರೆನೋದ 1149 ಸಿಸಿ ಎಂಜಿನ್ ಇದ್ದ ನಮ್ಮ ದೇಶದ್ದೇ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಫೆರಾರಿ, ಪೋರ್ಶೆ ಕೊಳ್ಳಲಾಗದ ಒಂದು ತಲೆಮಾರಿಗೆ ವೇಗದ ರುಚಿ ಹತ್ತಿಸಿದ್ದು ಇಂಥ ಕಾರುಗಳೇ. ಅವುಗಳ ಬಗ್ಗೆ ನನಗೆ ಗೌರವವಿದೆ, ಪ್ರೀತಿಯೂ ಇದೆ.

ಅದಕ್ಕೇ ಸಂಕಟವಾಗುತ್ತದೆ. ಎಂಜಿನ್ನನ್ನು ಮಗುವಿನಂತೆ ನೋಡಿಕೊಂಡವರೂ ಚಕ್ರದ ವಿಷಯದಲ್ಲಿ ಎಡವುತ್ತಾರೆ. ಮಡ್‌ಗಾರ್ಡಿನ ಆಚೆ ಚಾಚಿದ ಅಲಾಯ್ ಚಕ್ರ, ರಬ್ಬರಿನ ತೆಳು ಪಟ್ಟಿ ಸುತ್ತಿದಂತಿರುವ ಟೈರು. ನಿಂತಾಗ ಚೆಂದ, ಓಡುವಾಗ ಕಾರಿನ ಗುಣವೇ ಕೆಟ್ಟಿರುತ್ತದೆ. ನನ್ನ ಎಸ್ಟೀಮಿನಲ್ಲಿ ನಾನೂ ಅದೇ ತಪ್ಪು ಮಾಡಿ, ದುಡ್ಡು ಕಳೆದು ಕಲಿತವನು. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಅಂಗಡಿಗೆ ಹೋಗುವ ಮೊದಲು ಕಾರನ್ನೇ ಓದಿ

ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಅಥವಾ ಕಾರಿನ ಕೈಪಿಡಿಯಲ್ಲಿ ಕಂಪನಿ ಹೇಳಿದ ಟೈರಿನ ಅಳತೆಯೂ ಗಾಳಿಯ ಒತ್ತಡವೂ ಇರುತ್ತವೆ. ಈಗ ಚಕ್ರದ ಮೇಲೆ ಇರುವ ಟೈರನ್ನು ನಂಬಬೇಡಿ. ಮೂರು ನಾಲ್ಕು ಕೈ ಬದಲಾದ ಕಾರಿನಲ್ಲಿ ಹಿಂದಿನ ಮಾಲೀಕ ಏನು ಹಾಕಿಸಿದ್ದನೋ ಯಾರಿಗೆ ಗೊತ್ತು? ಅದನ್ನೇ ಮೂಲ ಅಳತೆ ಎಂದುಕೊಂಡು ಅದರ ಮೇಲೆ ಇನ್ನೊಂದು ಸೈಜು ಏರಿಸಿದರೆ ತಪ್ಪಿನ ಮೇಲೆ ತಪ್ಪು.

ಟೈರಿನ ಮೇಲಿನ ಅಂಕಿಗಳು ಸರಳ. 175/70 ಆರ್13 ಎಂದಿದ್ದರೆ ಟೈರಿನ ಅಗಲ 175 ಮಿ.ಮೀ. ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಆ ಅಗಲದ ಶೇ. 70ರಷ್ಟು ಎತ್ತರ. ಆರ್ ಅಂದರೆ ರೇಡಿಯಲ್. ರಿಮ್ಮಿನ ವ್ಯಾಸ 13 ಇಂಚು. ಪದ್ಮಿನಿ ಕಾಲದ ಕಾರಿನವರಾದರೆ 5.20-14 ಎಂಬ ಬೇರೆ ಬಗೆಯ ಅಂಕಿ ಕಾಣುತ್ತದೆ. ಅದು ಹಳೇ ಕ್ರಾಸ್‌ಪ್ಲೈ ಟೈರಿನ ಲೆಕ್ಕ, ಇಂಚಿನಲ್ಲಿ. ಅಂಥ ಕಾರಿಗೆ ರೇಡಿಯಲ್ ಹಾಕಿಸುವುದಾದರೆ ನಾಲ್ಕಕ್ಕೂ ಹಾಕಿಸಿ. ಮುಂದೆ ಒಂದು ಜಾತಿ, ಹಿಂದೆ ಇನ್ನೊಂದು ಜಾತಿ ಎಂದರೆ ತಿರುವಿನಲ್ಲಿ ಕಾರಿನ ಎರಡು ತುದಿಗಳು ಎರಡು ರೀತಿ ನಡೆದುಕೊಳ್ಳುತ್ತವೆ.

2. ಹೊರವ್ಯಾಸ ಬದಲಾಗಬಾರದು

ಒಂದೇ ಒಂದು ಸೂತ್ರ ನೆನಪಿಟ್ಟುಕೊಳ್ಳುವಿರಾದರೆ ಇದಿರಲಿ. ರಿಮ್ಮು ದೊಡ್ಡದಾದಷ್ಟು ಸೈಡ್‌ವಾಲ್ ತೆಳ್ಳಗಾಗಬೇಕು, ಒಟ್ಟು ಚಕ್ರದ ಎತ್ತರ ಮೊದಲಿನಷ್ಟೇ ಉಳಿಯಬೇಕು. ಲೆಕ್ಕಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಟೈರಿನ ಅಗಲವನ್ನು ಸೈಡ್‌ವಾಲಿನ ಶೇಕಡಾವಾರಿನಿಂದ ಗುಣಿಸಿ, ಎರಡರಿಂದ ಗುಣಿಸಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಅದಕ್ಕೆ ಕೂಡಿಸಿ.

ನನ್ನ ಕಾರಿನ 175/70 ಆರ್13ನ್ನೇ ತೆಗೆದುಕೊಳ್ಳೋಣ. ಸೈಡ್‌ವಾಲ್ 122.5 ಮಿ.ಮೀ., ಮೇಲೂ ಕೆಳಗೂ ಸೇರಿ 245. ರಿಮ್ಮು 330.2. ಒಟ್ಟು 575.2 ಮಿ.ಮೀ. ಇದಕ್ಕೆ ಹತ್ತಿರದ ಅಳತೆ ಯಾವುದು? 185/60 ಆರ್14 ಹಾಕಿದರೆ 577.6. ವ್ಯತ್ಯಾಸ ಅರ್ಧ ಪರ್ಸೆಂಟ್ ಕೂಡ ಇಲ್ಲ. 195/50 ಆರ್15 ಹಾಕಿದರೆ 576. ಅದೂ ಸರಿಯೇ. ಆದರೆ "ಇದೂ ಹದಿನಾಲ್ಕೇ ಸಾರ್" ಎಂದು ಅಂಗಡಿಯವರು 185/65 ಆರ್14 ಕೊಟ್ಟರೆ ಅದು 596.1ಕ್ಕೆ ಹೋಗುತ್ತದೆ. ಶೇ. 3.6 ಹೆಚ್ಚು. ಒಂದೇ ಒಂದು ಅಂಕಿ, 60ರ ಜಾಗದಲ್ಲಿ 65.

ಅದರಿಂದ ಏನಾಗುತ್ತದೆ? ಸ್ಪೀಡೋಮೀಟರ್ ಚಕ್ರದ ಸುತ್ತುಗಳನ್ನು ಎಣಿಸುತ್ತದೆ, ನೆಲವನ್ನು ಅಳೆಯುವುದಿಲ್ಲ. ಅದು 100 ತೋರಿಸುವಾಗ ಕಾರು ಮೊದಲಿಗಿಂತ 3.6 ಕಿ.ಮೀ. ಜಾಸ್ತಿ ವೇಗದಲ್ಲಿರುತ್ತದೆ. ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತವೆ. ಸೇಲಂ ಕಡೆಯಿಂದ ವಾಪಸು ಬರುವಾಗ ತೊಪ್ಪೂರು ಘಾಟಿಯ ಏರಿನಲ್ಲಿ ಮೊದಲು ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಕಾರು ಮೂರಕ್ಕೆ ಇಳಿಸು ಎನ್ನುತ್ತದೆ. ಎಂಜಿನ್ ಸುಸ್ತಾಗಿದೆ ಎಂದು ಮೆಕ್ಯಾನಿಕ್ ಬಳಿ ಓಡುತ್ತೇವೆ, ತಪ್ಪು ಇರುವುದು ಟೈರಿನಲ್ಲಿ. ವ್ಯತ್ಯಾಸ ಶೇ. 2ರ ಒಳಗೇ ಇರಲಿ ಎಂಬುದು ನನ್ನ ನಿಯಮ.

3. ಟೈರು ಮೊದಲು, ರಿಮ್ಮು ಆಮೇಲೆ

ಎಲ್ಲರೂ ಉಲ್ಟಾ ಮಾಡುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಗೋಡೆಯಲ್ಲಿ ನೇತುಹಾಕಿದ ಅಲಾಯ್‌ಗೆ ಮನಸೋತು, ಮನೆಗೆ ತಂದ ಮೇಲೆ ಟೈರು ಹುಡುಕುತ್ತಾರೆ. ನೆಲವನ್ನು ಹಿಡಿಯುವುದು ರಬ್ಬರ್. ನಿಮಗೆ ಬೇಕಾದ ಒಳ್ಳೆಯ ಟೈರು ಯಾವ ಅಳತೆಯಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಮೊದಲು ವಿಚಾರಿಸಿ, ಆ ಅಳತೆಗೆ ರಿಮ್ಮು ಆರಿಸಿ.

13 ಇಂಚಿನಿಂದ 14ಕ್ಕೆ ಹೋಗಲು ನನಗೆ ಕಾಣುವ ನಿಜವಾದ ಕಾರಣ ಇದೇ. 13ರಲ್ಲಿ ಬರುವ ಬಹುತೇಕ ಟೈರುಗಳು ದಿನಬಳಕೆಯ ಸಣ್ಣ ಕಾರಿಗೆಂದು ಮಾಡಿದವು. ಮೈಲೇಜು ಕೊಡುತ್ತವೆ, ಬೇಗ ಸವೆಯುವುದಿಲ್ಲ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಕೈಕೊಡುತ್ತವೆ. ಆ ಕಾಲದ ನಮ್ಮ ಕಾರುಗಳಲ್ಲಿ ಬಹುಪಾಲಿಗೆ ಎಬಿಎಸ್ ಇಲ್ಲ ಎಂಬುದನ್ನು ಮರೆಯಬೇಡಿ. ಕಾರು ನಿಲ್ಲುವುದು ನಿಮ್ಮ ಕಾಲು ಮತ್ತು ಟೈರಿನ ನಡುವಿನ ಒಪ್ಪಂದದಿಂದ.

ಒಂದು ಇಂಚು ಏರಿಸಿ. ತೀರಾ ಆಸೆಯಿದ್ದರೆ ಎರಡು. ಮೂರು ಇಂಚು ಬೇಡವೇ ಬೇಡ. ಹಳೆಯ ಕಾರಿನ ಸಸ್ಪೆನ್ಷನ್ನನ್ನು ಮೆತ್ತಗಿನ ಸೈಡ್‌ವಾಲ್ ನಂಬಿಕೊಂಡೇ ವಿನ್ಯಾಸ ಮಾಡಿರುತ್ತಾರೆ. ಗುಂಡಿಯ ಹೊಡೆತದಲ್ಲಿ ಒಂದು ಪಾಲನ್ನು ಟೈರು ನುಂಗುತ್ತದೆ, ಉಳಿದದ್ದು ಸ್ಪ್ರಿಂಗಿಗೆ ಹೋಗುತ್ತದೆ. ಆ ಟೈರನ್ನು ತೆಳ್ಳಗೆ ಮಾಡಿದರೆ ಪೂರ್ತಿ ಹೊಡೆತ ಇಪ್ಪತ್ತೈದು ವರ್ಷ ಹಳೆಯ ಬುಷ್, ಬಾಲ್ ಜಾಯಿಂಟ್, ಕೊನೆಗೆ ಮೈಯ ಬೆಸುಗೆಗೆ ಬೀಳುತ್ತದೆ.

ದೊಡ್ಡ ಚಕ್ರವಿಲ್ಲದೆ ಸ್ಪೋರ್ಟ್ಸ್ ಕಾರು ಆಗುವುದಿಲ್ಲ ಎನ್ನುವವರಿಗೆ ಒಂದು ಮಾತು. 1989ರಲ್ಲಿ ಬಂದು ಜಗತ್ತೇ ಮೆಚ್ಚಿದ ಮಾಜ್ದಾ ಎಂಎಕ್ಸ್-5 ಓಡಿದ್ದು 185/60 ಆರ್14 ಟೈರಿನ ಮೇಲೆ. 2012ರ ಟೊಯೋಟ ಜಿಟಿ86ಗೆ ಆ ಕಂಪನಿ ಬೇಕೆಂದೇ ತನ್ನ ಪ್ರಿಯಸ್ ಕಾರಿಗೆ ಹಾಕುವ ಸಾಧಾರಣ ಟೈರನ್ನು ಕೊಟ್ಟಿತು. ಸ್ಟೀರಿಂಗಿನಲ್ಲಿ ರಸ್ತೆ ಮಾತಾಡಬೇಕು, ಕಾರು ಕೈಯಲ್ಲಿ ಆಡಬೇಕು ಎಂಬುದೇ ಅದರ ಉದ್ದೇಶ.

4. ಅಗಲಕ್ಕೆ ಆಸೆ ಪಡಬೇಡಿ

ನಾನು ಎಡವಿದ್ದು ಇಲ್ಲೇ. ಊರಿನ ಒಂದು ಅಂಗಡಿಯಲ್ಲಿ 195/60 ಆರ್14 ಹಾಕಿಸಿದೆ. "ಎಲ್ಲಾರೂ ಇದ್ನೇ ಹಾಕ್ಸೋದು ಅಣ್ಣ, ಏನೂ ಆಗಲ್ಲ" ಅಂದರು. ಲೆಕ್ಕ ಹಾಕಿದ್ದರೆ ಚಕ್ರ 14 ಮಿ.ಮೀ. ಎತ್ತರವಾಗಿದ್ದು ಅಲ್ಲೇ ತಿಳಿಯುತ್ತಿತ್ತು, ಹಾಕಲಿಲ್ಲ. ಒಬ್ಬನೇ ಹೊಸೂರಿನಲ್ಲಿ ಓಡಿಸುವಾಗ ಸದ್ದಿಲ್ಲ. ಒಂದು ರಜೆಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಡೆಂಕಣಿಕೋಟೆ, ಅಂಚೆಟ್ಟಿ ದಾರಿಯಲ್ಲಿ ಹೊಗೇನಕಲ್ಲಿಗೆ ಹೊರಟೆವು. ಘಾಟಿಯ ತಿರುವುಗಳಲ್ಲಿ ಹಿಂದಿನ ಚಕ್ರ ಮಡ್‌ಗಾರ್ಡಿನ ಅಂಚಿಗೆ ಉಜ್ಜಲು ಶುರುವಾಯಿತು. ರಬ್ಬರ್ ಸುಟ್ಟ ವಾಸನೆ. ಇಳಿದು ನೋಡಿದರೆ ಸೈಡ್‌ವಾಲಿನ ಮೇಲೆ ಸುತ್ತಲೂ ಚಾಕುವಿನಲ್ಲಿ ಗೀರಿದಂಥ ಗೆರೆ. ಆನೆ ಓಡಾಡುವ ಕಾಡಿನ ರಸ್ತೆಯಲ್ಲಿ, ಮಕ್ಕಳಿರುವ ಕಾರಿನಲ್ಲಿ ಅಂಥ ಟೈರು ಸಿಡಿದಿದ್ದರೆ ಏನು ಗತಿ ಎಂಬುದು ಇವತ್ತಿಗೂ ನೆನಪಾಗುತ್ತದೆ.

ಅಗಲದ ಟೈರು ಹಿಡಿತ ಕೊಡುತ್ತದೆ, ನಿಜ. ಆದರೆ ಟೈರು ನೆಲವನ್ನು ಮುಟ್ಟುವ ಜಾಗದ ವಿಸ್ತಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾರಿನ ಭಾರ ಮತ್ತು ಗಾಳಿಯ ಒತ್ತಡ. ಅಗಲ ಹೆಚ್ಚಿಸಿದರೆ ಆ ಜಾಗ ಅಡ್ಡಕ್ಕೆ ಚಾಚಿ ಉದ್ದದಲ್ಲಿ ಕುಗ್ಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಅದು ಲಾಭ. ಮಳೆ ಸುರಿದು ರಸ್ತೆಯ ಮೇಲೆ ನೀರು ಹರಿಯುವಾಗ ಅದೇ ಟೈರು ನೀರನ್ನು ಸೀಳುವ ಬದಲು ಬೇಗ ಅದರ ಮೇಲೆ ತೇಲುತ್ತದೆ. ಎಂಟುನೂರು ಚಿಲ್ಲರೆ ಕಿಲೊ ತೂಗುವ ಹಗುರ ಕಾರಿಗೆ ಈ ಅಪಾಯ ಇನ್ನೂ ಹೆಚ್ಚು. ಪವರ್ ಸ್ಟೀರಿಂಗ್ ಇಲ್ಲದ ಕಾರಾದರೆ ಹೊಸೂರು ಬಸ್ ನಿಲ್ದಾಣದ ಬಳಿ ಒಮ್ಮೆ ಪಾರ್ಕ್ ಮಾಡುವಷ್ಟರಲ್ಲಿ ತೋಳು ಸೋಲುತ್ತದೆ.

ಮೂಲ ಅಳತೆಗಿಂತ 10 ಮಿ.ಮೀ. ಅಗಲ ಸಾಕು, 20 ಕೊನೆಯ ಮಿತಿ.

5. ಹಬ್ಬಿಗೆ ಕೂತಿತು ಎಂದರೆ ಸರಿಹೊಂದಿತು ಎಂದಲ್ಲ

ಚಕ್ರ ಕೂರುವ ಕಾರಿನ ಭಾಗವೇ ಹಬ್ಬು. ಚಕ್ರದ ನಟ್ಟುಗಳು ಕೂರುವ ವೃತ್ತದ ವ್ಯಾಸಕ್ಕೆ ಪಿಸಿಡಿ ಎನ್ನುತ್ತಾರೆ. ಹೋಂಡಾ ಸಿಟಿಗೆ ನಾಲ್ಕು ನಟ್ಟು, 100 ಮಿ.ಮೀ. ಫೋರ್ಡ್ ಐಕಾನ್‌ಗೆ ನಾಲ್ಕು ನಟ್ಟು, 108. ಫಿಯಟ್ ಪಾಲಿಯೊಗೆ ನಾಲ್ಕೇ, ಆದರೆ 98. ಮಾರುತಿ ಜಿಪ್ಸಿಗೆ ಐದು, 139.7.

ಅಪಾಯ ಇರುವುದು 98 ಮತ್ತು 100ರ ನಡುವೆ. ಎರಡೇ ಮಿ.ಮೀ. ವ್ಯತ್ಯಾಸ. 100ರ ಅಲಾಯ್ ಎಲ್ಲ ಕಡೆ ಸಿಗುತ್ತದೆ, 98ರದ್ದು ಹುಡುಕಬೇಕು. ಹಾಗಾಗಿ ಪಾಲಿಯೊ ಮಾಲೀಕರಿಗೆ 100ರ ಚಕ್ರವನ್ನೇ ಒತ್ತಿ ಕೂರಿಸಿ ಕೊಡುವವರಿದ್ದಾರೆ. ಬೋಲ್ಟು ಒಳಗೆ ಹೋಗುತ್ತದೆ, ಬಿಗಿಯೂ ಆಗುತ್ತದೆ. ಆದರೆ ನೇರವಾಗಿ ಅಲ್ಲ, ಓರೆಯಾಗಿ. ಚಕ್ರ ನಡುವಿಗೆ ಕೂರುವುದಿಲ್ಲ, ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಬೋಲ್ಟು ದಿನದಿನಕ್ಕೆ ದಣಿಯುತ್ತದೆ. ಕೂರಿಸಿ ತೋರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಹೊರಟುಬನ್ನಿ.

ಚಕ್ರದ ನಡುವಿನ ರಂಧ್ರವೂ ಮುಖ್ಯ. ಹೋಂಡಾದ ಹಬ್ಬು 56.1 ಮಿ.ಮೀ., ಫಿಯಟ್‌ದು 58.1, ಫೋರ್ಡ್‌ದು 63.4. ಮಾರುಕಟ್ಟೆಯ ಅಲಾಯ್‌ಗಳ ರಂಧ್ರ ಎಲ್ಲ ಕಾರಿಗೂ ಆಗಲಿ ಎಂದು ದೊಡ್ಡದಾಗಿರುತ್ತದೆ. ನಡುವೆ ಉಳಿದ ಸಂದನ್ನು ತುಂಬಲು ಹಬ್ ರಿಂಗ್ ಸಿಗುತ್ತದೆ, ಬೆಲೆ ಅಲ್ಪ. ಹಾಕಿಸಿ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗದ ಎಷ್ಟೋ ಕಾರುಗಳ ಕಾಯಿಲೆಗೆ ಇದೇ ಮದ್ದು.

ಇನ್ನು ನಟ್ಟು. ಹೋಂಡಾದ ನಟ್ಟಿನ ತಳ ಗೋಲಿಯಂತೆ ಗುಂಡಗಿರುತ್ತದೆ. ಹೊರಗೆ ಸಿಗುವ ಹೆಚ್ಚಿನ ಅಲಾಯ್‌ಗಳಿಗೆ ಶಂಕುವಿನಂತೆ ಚೂಪಾದ ತಳ ಬೇಕು. ಹೋಂಡಾದ ನಟ್ಟಿನ ಥ್ರೆಡ್‌ಗಳ ಅಂತರ 1.5 ಮಿ.ಮೀ., ಮಾರುತಿಯದ್ದು 1.25. ಒಂದರದ್ದನ್ನು ಇನ್ನೊಂದಕ್ಕೆ ಗನ್ ಹಿಡಿದು ತಿರುಗಿಸಿದರೆ ಸ್ಟಡ್ಡೇ ಹಾಳು. ಹೊಸ ಚಕ್ರಕ್ಕೆ ಹೊಂದುವ ಹೊಸ ನಟ್ಟುಗಳನ್ನು ಚಕ್ರದ ಜೊತೆಯಲ್ಲೇ ಕೊಳ್ಳಿ. ಮೊದಲ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸುವಂತೆ ಹೇಳಿ.

6. ಆಫ್‌ಸೆಟ್ ಲೆಕ್ಕ ಕಾಗದದ ಮೇಲೆ ಬರೆದುಕೊಳ್ಳಿ

ಚಕ್ರದ ಹಿಂಬದಿಯಲ್ಲಿ ಇಟಿ40, ಇಟಿ35 ಎಂದು ಅಚ್ಚೊತ್ತಿರುತ್ತದೆ. ಹಬ್ಬಿಗೆ ಅಂಟುವ ಮುಖ ಚಕ್ರದ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆ ಅದು. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ.

5 ಇಂಚು ಅಗಲದ ಇಟಿ40 ರಿಮ್ಮು ತೆಗೆದು 6 ಇಂಚಿನ ಇಟಿ35 ಹಾಕಿದಿರಿ ಎಂದುಕೊಳ್ಳಿ. ಅಗಲ ಒಂದಿಂಚು ಹೆಚ್ಚಿದ್ದರಿಂದ ಎರಡೂ ಕಡೆ 12.7 ಮಿ.ಮೀ. ಬೆಳೆಯುತ್ತದೆ, ಆಫ್‌ಸೆಟ್ಟಿನಿಂದ 5 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಹೊರಗಡೆ ಒಟ್ಟು 17.7 ಮಿ.ಮೀ. ಚಾಚಿತು, ಒಳಗಡೆ 7.7 ಮಿ.ಮೀ. ಸಸ್ಪೆನ್ಷನ್ ಸ್ಟ್ರಟ್ಟಿನ ಹತ್ತಿರ ಬಂತು. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಸ್ಕೇಲು ಹಿಡಿದು ನಿಮ್ಮ ಕಾರಿನಲ್ಲಿ ಅಷ್ಟು ಜಾಗವಿದೆಯೇ ಎಂದು ಮನೆಯಂಗಳದಲ್ಲೇ ನೋಡಬಹುದು. ಹೊರಕ್ಕೆ ಚಾಚಿದ ಚಕ್ರ ಬೇರಿಂಗನ್ನು ಬೇಗ ತಿನ್ನುತ್ತದೆ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಎಳೆಯುತ್ತದೆ. ಸ್ಪೇಸರ್ ಹಾಕಿ ಬೇಕೆಂದೇ ಹೊರತಳ್ಳುವುದನ್ನು ನಾನು ಒಪ್ಪುವುದಿಲ್ಲ.

7. ರಿಮ್ಮಿನ ಅಗಲಕ್ಕೂ ಟೈರಿಗೂ ಜೋಡಿ ಕೂಡಬೇಕು

185/60 ಆರ್14 ಟೈರಿಗೆ 5ರಿಂದ 6.5 ಇಂಚಿನ ರಿಮ್ಮು ಒಪ್ಪುತ್ತದೆ, 195/50 ಆರ್15ಕ್ಕೆ 5.5ರಿಂದ 7. ನಡುವಿನ ಅಳತೆ ಉತ್ತಮ. ಸಣ್ಣ ಟೈರನ್ನು ಅಗಲ ರಿಮ್ಮಿಗೆ ಎಳೆದು ಹಿಗ್ಗಿಸುವ ಶೋಕಿ ಪ್ರದರ್ಶನಕ್ಕೆ ಮಾತ್ರ.

8. ತೂಕ ಕೇಳದೆ ಅಲಾಯ್ ಕೊಳ್ಳಬೇಡಿ

ಅಲಾಯ್ ಎಂದರೆ ಹಗುರ ಎಂಬ ನಂಬಿಕೆ ಎಲ್ಲ ಸಲ ನಿಜವಲ್ಲ. ಅಗ್ಗದ ಎರಕದ 15 ಇಂಚಿನ ಅಲಾಯ್, ಕಾರಿನ ಜೊತೆ ಬಂದ 13 ಇಂಚಿನ ಕಬ್ಬಿಣದ ರಿಮ್ಮಿಗಿಂತ ಭಾರವಿರುವುದುಂಟು. ಸ್ಪ್ರಿಂಗಿನ ಕೆಳಗೆ ಸೇರುವ ಭಾರ ಮೂರು ಕಡೆಯಿಂದ ಕಾಡುತ್ತದೆ. ಎಂಜಿನ್ ಅದನ್ನು ತಿರುಗಿಸಬೇಕು, ಬ್ರೇಕ್ ಅದನ್ನು ನಿಲ್ಲಿಸಬೇಕು, ಗುಂಡಿ ಹಾರಿದಾಗ ಸಸ್ಪೆನ್ಷನ್ ಅದನ್ನು ಹಿಡಿಯಬೇಕು. ಕಡಿಮೆ ಶಕ್ತಿಯ ಹಳೆಯ ಎಂಜಿನ್ನುಗಳಿಗೆ ಇದು ದೊಡ್ಡ ಹೊರೆ. ಅಂಗಡಿಯಲ್ಲಿ ತಕ್ಕಡಿ ಇರದಿದ್ದರೆ ಪಕ್ಕದ ಗುಜರಿ ಅಂಗಡಿಯಲ್ಲಿ ಇರುತ್ತದೆ. ತೂಗಿಸಿ, ಹಳೆಯದನ್ನೂ ತೂಗಿಸಿ.

ಚಕ್ರದ ಹಿಂಬದಿಯಲ್ಲಿ ಅಳತೆ, ಆಫ್‌ಸೆಟ್ ಮತ್ತು ಜೆಡಬ್ಲ್ಯುಎಲ್ ಎಂಬ ಗುರುತು ಹುಡುಕಿ. ಅದು ಜಪಾನಿನ ಅಲಾಯ್ ಚಕ್ರದ ಮಾನಕ. ಏನೂ ಅಚ್ಚಿಲ್ಲದ ಚಕ್ರ ಎಷ್ಟೇ ಚೆಂದವಿದ್ದರೂ ಬೇಡ. ಸೆಕೆಂಡ್‌ಹ್ಯಾಂಡ್ ಅಲಾಯ್ ಆದರೆ ಬಿರುಕನ್ನು ಬೆಸುಗೆ ಹಾಕಿ ಮುಚ್ಚಿ ಬಣ್ಣ ಬಳಿದಿರಬಹುದು. ಒಳಮೈ ಮೇಲೆ ಬೆರಳಾಡಿಸಿ ನೋಡಿ.

9. ಭಾರ, ವೇಗ, ವಯಸ್ಸು: ಮೂರು ಗುರುತುಗಳು

ಅಳತೆಯ ಪಕ್ಕದಲ್ಲಿ 82ಎಚ್ ಎಂದಿರುತ್ತದೆ. 82 ಎಂದರೆ ಒಂದು ಟೈರು 475 ಕಿಲೊ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗೆ ಸೈ, ಟಿ ಎಂದರೆ 190, ಎಸ್ ಎಂದರೆ 180. ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಗುರುತು ಬೇಡ. ಅಷ್ಟು ವೇಗ ಓಡಿಸುವುದಿಲ್ಲವಲ್ಲ ಎನ್ನಬೇಡಿ. ಆ ಅಕ್ಷರ ಟೈರು ಬಿಸಿಯನ್ನು ತಾಳುವ ಶಕ್ತಿಯನ್ನೂ ಹೇಳುತ್ತದೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಕೃಷ್ಣಗಿರಿಯ ರಸ್ತೆ ಹೇಗೆ ಕಾಯುತ್ತದೆ ಎಂಬುದು ಇಲ್ಲಿಯವರಿಗೆ ಗೊತ್ತು.

ಸೈಡ್‌ವಾಲಿನಲ್ಲಿ ನಾಲ್ಕು ಅಂಕಿಗಳ ಪುಟ್ಟ ಚೌಕಟ್ಟು ಇರುತ್ತದೆ. 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಹಳೆಯ ಸ್ಪೋರ್ಟ್ಸ್ ಕಾರು ವಾರಕ್ಕೊಮ್ಮೆ ಹೊರಬರುತ್ತದೆ, ಟೈರಿನ ಬಟನ್, ಅಂದರೆ ಟ್ರೆಡ್, ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗುತ್ತದೆ. ಬಟನ್ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನು ಒಪ್ಪುವುದಿಲ್ಲ. ವಯಸ್ಸಿಗೆ ಅಂಥ ಗೆರೆ ಇಲ್ಲ. ಆರು ವರ್ಷ ದಾಟಿದ ಟೈರನ್ನು ನಾನು ಇಟ್ಟುಕೊಳ್ಳುವುದಿಲ್ಲ.

10. ಸ್ಟೆಪ್ನಿ ಮರೆಯಬೇಡಿ

ನಾಲ್ಕು ಚಕ್ರ ಬದಲಾಯಿಸಿ ಡಿಕ್ಕಿಯಲ್ಲಿ ಹಳೇ 13 ಇಂಚಿನದ್ದನ್ನೇ ಬಿಡುವುದು ವಾಡಿಕೆ. ಹೊರವ್ಯಾಸ ಸರಿಯಾಗಿ ಆರಿಸಿದ್ದರೆ ಅದು ತುರ್ತಿಗೆ ಓಡುತ್ತದೆ, ಎರಡನೇ ಸೂತ್ರದ ಇನ್ನೊಂದು ಲಾಭ. ಆದರೆ ಅದಕ್ಕೆ ಹೊಂದುವ ಹಳೆಯ ನಟ್ಟುಗಳು ಕಾರಿನಲ್ಲೇ ಇರಬೇಕು.

11. ಆರ್‌ಟಿಒ ಮುಂದೆ ನಿಲ್ಲುವ ದಿನ ಬರುತ್ತದೆ

ಟಿಎನ್ 70 ಆಗಲಿ, ಟಿಎನ್ 24 ಆಗಲಿ, ಕೆಎ 51 ಆಗಲಿ, ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಕಾರನ್ನು ತೋರಿಸಿ ನವೀಕರಿಸಬೇಕು. ನಾವು ಮಾತಾಡುತ್ತಿರುವ ಕಾರುಗಳಲ್ಲಿ ಬಹುಪಾಲು ಆ ವಯಸ್ಸು ದಾಟಿದವು. ಆಗ ಬದಲಾದ ಚಕ್ರವೂ ಪ್ರಶ್ನೆಯಾಗಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ದಾರಿ? ನಿಮ್ಮ ಕಾರಿನದೇ ಮೇಲ್ದರ್ಜೆಯ ವೇರಿಯಂಟ್‌ಗೆ ಕಂಪನಿ ಯಾವ ಅಳತೆ ಕೊಟ್ಟಿತ್ತೋ ಅದನ್ನು ಹಾಕಿಸುವುದು ಎಲ್ಲಕ್ಕಿಂತ ಗಟ್ಟಿ ನೆಲ. ಅದನ್ನು ಮೀರುವುದಾದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಪತ್ರ ಬರೆದು ತಿಳಿಸಿ. ಮೂಲ ಚಕ್ರಗಳನ್ನು ಮಾತ್ರ ಯಾವ ಕಾರಣಕ್ಕೂ ಮಾರಬೇಡಿ. ನನ್ನವು ಮನೆಯ ಅಟ್ಟದ ಮೇಲಿವೆ.

12. ಹಾಕಿಸಿದ ಮೇಲೆ ಕೆಲಸ ಮುಗಿಯುವುದಿಲ್ಲ

ಮೊದಲು ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್. ಆಮೇಲೆ ಗಾಳಿ. ಕಂಪನಿ ಹೇಳಿದ ಒತ್ತಡದಿಂದಲೇ ಆರಂಭಿಸಿ, ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆಯಿರಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟೀರಿಂಗನ್ನು ಎಡದ ತುದಿಗೂ ಬಲದ ತುದಿಗೂ ತಿರುಗಿಸಿ, ಒಂದು ಹಂಪನ್ನು ನಿಧಾನವಾಗಿ ದಾಟಿ ಕಿವಿಗೊಟ್ಟು ಕೇಳಿ. ನಾನು ಅಂಚೆಟ್ಟಿ ಘಾಟಿಯಲ್ಲಿ ಕೇಳಿದ ಸದ್ದನ್ನು ನೀವು ಮನೆಯ ಮುಂದೆಯೇ ಕೇಳಿಬಿಡಿ.

ಹೊಸ ಅಲಾಯ್ ಕೂರಿಸಿದಾಗ ನಟ್ಟುಗಳು ಮೊದಲ 50ರಿಂದ 100 ಕಿ.ಮೀ. ಓಟದಲ್ಲಿ ಸ್ವಲ್ಪ ಸಡಿಲವಾಗುವ ಸಂಭವವಿದೆ. ಅಷ್ಟು ಓಡಿಸಿದ ಮೇಲೆ ಟಾರ್ಕ್ ವ್ರೆಂಚ್ ಹಿಡಿದು, ಕೈಪಿಡಿಯ ಅಳತೆಗೆ ಇನ್ನೊಮ್ಮೆ ಬಿಗಿ ಮಾಡಿಸಲೇಬೇಕು. ಹೊಸೂರಿನಿಂದ ಕೃಷ್ಣಗಿರಿಗೆ ಸುಮಾರು 50 ಕಿ.ಮೀ. ಹೋಗಿ ಬಂದರೆ ನೂರು.